ಅಂಟಿದ ಕೀಲಿ

‘ಹಾಲು’ ಎಂದು ಬರೆಯಹೊರಟವರ ಮುಂದೆ ‘ಹಾಳು’ ಎಂದು ಮೂಡಿದರೆ ತಪ್ಪು ಯಾರದು? ಕೆ. ಪಿ. ರಾವ್ ಅವರು ರೂಪಿಸಿದ ಕನ್ನಡ ಕೀಲಿಮಣೆಯ ವಿನ್ಯಾಸದಲ್ಲಿ ಹಕಾರಕ್ಕೆ ದೀರ್ಘ ಕೊಡಲು ಶಿಫ್ಟ್ ಕೀಲಿಯನ್ನು ಒತ್ತಬೇಕು. ಲಕಾರಕ್ಕೆ ಮುನ್ನ ಅದನ್ನು ಬಿಡಬೇಕು. ಬೆರಳು ಬಿಟ್ಟರೂ ಕೀಲಿ ಅರೆಕ್ಷಣ ತಡೆದು ಮೇಲೆದ್ದರೆ ಸಾಕು, ಲಕಾರ ಳಕಾರವಾಗಿಬಿಡುತ್ತದೆ.

ಆಗ ನಾವು ಕೀಲಿಯನ್ನು ಇನ್ನಷ್ಟು ಬಲವಾಗಿ ಗುದ್ದುತ್ತೇವೆ. ರೋಗವನ್ನರಿಯದೆ ಮದ್ದು ಕೊಡುವ ಕೆಲಸವಿದು. ಕೀಲಿ ಅಂಟುವುದು ಎರಡು ಬಗೆಯಲ್ಲಿ: ಒಂದು ನಿಜವಾಗಿಯೂ ವ್ಯಾಧಿ, ಇನ್ನೊಂದು ವ್ಯಾಧಿಯಂತೆ ತೋರುವ ಉಪಕಾರ. ಹಳೆಯ ಕೀಲಿಮಣೆಯನ್ನು ಬಿಡಿಸಿ ಬೇರೊಂದನ್ನು ಜೋಡಿಸಿ ನೋಡಿದರೆ ಭೇದ ತಿಳಿಯುತ್ತದೆ. ತೊಂದರೆ ನಿಂತರೆ ದೋಷ ಹಳೆಯ ಮಣೆಯದು. ಮುಂದುವರಿದರೆ ಗಣಕದ ಒಳಗಿನ ಏರ್ಪಾಡಿನದು.

ಮೊದಲನೆಯದನ್ನು ನೋಡೋಣ. ಸಾಮಾನ್ಯ ಕೀಲಿಮಣೆಯಲ್ಲಿ ಪ್ರತಿ ಕೀಲಿಯ ಅಡಿಯಲ್ಲೂ ರಬ್ಬರಿನ ಪುಟ್ಟ ಗುಮ್ಮಟವಿರುತ್ತದೆ. ಒತ್ತಿದಾಗ ಅದು ಕುಸಿದು, ಕೆಳಗಿನ ಎರಡು ತೆಳುಹಾಳೆಗಳ ವಿದ್ಯುತ್ ರೇಖೆಗಳು ಒಂದನ್ನೊಂದು ತಾಕುತ್ತವೆ. ಬೆರಳು ತೆಗೆದೊಡನೆ ಗುಮ್ಮಟ ಪುಟಿದೆದ್ದು ಕೀಲಿಯನ್ನು ಎತ್ತುತ್ತದೆ. ಚೆಲ್ಲಿದ ಕಾಫಿಯ ನೀರೇನೋ ಆರಿಹೋಗುತ್ತದೆ; ಸಕ್ಕರೆ ಮಾತ್ರ ಅಂಟಾಗಿ ಉಳಿದು ಈ ಏಳುಬೀಳಿಗೆ ಅಡ್ಡಿಯಾಗುತ್ತದೆ. ಮಣೆಯನ್ನು ಗಣಕದಿಂದ ಬಿಡಿಸಿ, ಬೋರಲು ಹಿಡಿದು ಮೆಲ್ಲಗೆ ತಟ್ಟಬೇಕು. ಸಂದುಗಳ ಧೂಳನ್ನು ಮೆದು ಕುಂಚದಿಂದ ತೆಗೆದು, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ತುಸುವೇ ತೋಯಿಸಿದ ಹತ್ತಿಯಿಂದ ಕೀಲಿಯ ಅಂಚನ್ನು ಒರೆಸಬೇಕು. ಲ್ಯಾಪ್‌ಟಾಪಾದರೆ ಮೊದಲು ಪೂರ್ತಿ ಆರಿಸಿಡಬೇಕು. ಅದರ ಕೀಲಿಗಳನ್ನು ಮೀಟಿ ಎಬ್ಬಿಸಬಾರದು. ಕೆಳಗಿನ ಪ್ಲಾಸ್ಟಿಕ್ ಕೊಂಡಿಗಳು ಮುರಿದಾವು.

ಎರಡನೆಯದರ ಕಥೆಯೇ ಬೇರೆ. ವಿಂಡೋಸ್ ಗಣಕದಲ್ಲಿ ಶಿಫ್ಟನ್ನು ಒಂದೇ ಸಮನೆ 5 ಸಲ ಒತ್ತಿದರೆ ‘ಸ್ಟಿಕಿ ಕೀಸ್’ ಎಂಬ ಸೌಲಭ್ಯ ಬೇಕೇ ಎಂಬ ಪ್ರಶ್ನೆ ಮೂಡುತ್ತದೆ. ಓದದೆಯೇ ಹೂಂಗುಟ್ಟಿರುತ್ತೇವೆ. ಆಮೇಲೆ ಒಮ್ಮೆ ಒತ್ತಿ ಬಿಟ್ಟ ಶಿಫ್ಟ್ ಮುಂದಿನ ಅಕ್ಷರದವರೆಗೂ ಕಾದಿರುತ್ತದೆ. ಬಲಗಡೆಯ ಶಿಫ್ಟನ್ನು 8 ಸೆಕೆಂಡು ಒತ್ತಿಹಿಡಿದರೆ ಬರುವುದು ‘ಫಿಲ್ಟರ್ ಕೀಸ್’. ಚುಟುಕಾಗಿ ತಾಕಿದ ಕೀಲಿಯನ್ನು ಅದು ಲೆಕ್ಕಕ್ಕೇ ಹಿಡಿಯದಿರಬಹುದು. ಸೆಟ್ಟಿಂಗ್ಸ್‌ನ ‘ಆಕ್ಸೆಸಿಬಿಲಿಟಿ’ ವಿಭಾಗದಲ್ಲಿ ಎರಡನ್ನೂ ನಿಲ್ಲಿಸಬಹುದು.

ಆದರೆ ಇವು ನಮ್ಮನ್ನು ಕಾಡಲು ಹುಟ್ಟಿದವಲ್ಲ. ಒಂದೇ ಕೈಯಿಂದ, ಒಂದೇ ಬೆರಳಿನಿಂದ, ಬಾಯಲ್ಲಿ ಕಚ್ಚಿದ ಕಡ್ಡಿಯಿಂದ ಬರೆಯುವವರು ಎರಡು ಕೀಲಿಗಳನ್ನು ಒಟ್ಟಿಗೆ ಒತ್ತುವುದೆಂತು? ಕೈ ನಡುಗುವವರು ತಪ್ಪಿ ತಾಕಿದ ಕೀಲಿಗಳನ್ನೆಲ್ಲ ಅಳಿಸುತ್ತ ಕೂಡುವುದೆಂತು? ಅವರಿಗಾಗಿಯೇ 1995ರ ವಿಂಡೋಸಿನಲ್ಲಿ ಈ ಸೌಲಭ್ಯಗಳನ್ನು ಅಳವಡಿಸಲಾಯಿತು. ನಮಗೆ ಅಂಟೆನಿಸಿದ್ದು ಅವರಿಗೆ ಆಸರೆ. ಆದ್ದರಿಂದ ಅದನ್ನು ನಿಲ್ಲಿಸುವ ಮುನ್ನ, ಈ ಗಣಕದ ಮುಂದೆ ಮನೆಯಲ್ಲಿ ಮತ್ತಾರು ಕೂಡುತ್ತಾರೆಂದು ಒಮ್ಮೆ ವಿಚಾರಿಸಿಕೊಳ್ಳುವುದು ಲೇಸು.

(ಬಾನುಲಿ ಭಾಷಣ)