ಜಾಮ್ ಆದ ನಟ್ಟಿಗೆ ಯಾವ ಎಣ್ಣೆ?

ಪಾಪಿನಾಯಕನಹಳ್ಳಿಯ ಸುತ್ತ ಓಡಾಡುವ ಅದಿರು ಟಿಪ್ಪರ್ ಒಂದರ ಅಡಿಗೆ ಬಗ್ಗಿ ನೋಡಿ. ಸ್ಪ್ರಿಂಗ್ ಪಟ್ಟಿ, ಯು-ಬೋಲ್ಟು, ಚಕ್ರದ ನಟ್ಟುಗಳ ಸಂದಿಗೆಲ್ಲ ಕೆಂಪು ದೂಳು ಮೆತ್ತಿ, ಮಳೆಗೆ ಕೆಸರಾಗಿ, ಬಿಸಿಲಿಗೆ ಗಟ್ಟಿಕಟ್ಟಿರುತ್ತದೆ. ಸಂಡೂರು ಗುಡ್ಡಗಳ ಹೆಮಟೈಟ್ ಅದಿರು ರಸಾಯನಶಾಸ್ತ್ರದ ಪ್ರಕಾರ ಕಬ್ಬಿಣದ ಆಕ್ಸೈಡ್. ನಟ್ಟಿಗೆ ಹಿಡಿಯುವ ತುಕ್ಕೂ ನೀರನ್ನು ಕೂಡಿಕೊಂಡ ಕಬ್ಬಿಣದ ಆಕ್ಸೈಡೇ. ದೂಳು ತಾನಾಗಿ ಉಕ್ಕನ್ನು ತಿನ್ನುವುದಿಲ್ಲ. ತೇವವನ್ನು ಉಕ್ಕಿನ ಮೈಗೆ ಒತ್ತಿ ಹಿಡಿದಿರುತ್ತದೆ, ಅಷ್ಟು ಸಾಕು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆದಾಗ ಅದಿರು ಲಾರಿಗಳು ಕೆಲಸವಿಲ್ಲದೆ ನಿಂತವು. ಹಾಗೆ ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಪಿನ್ನು, ಬುಷ್ಷು, ಬ್ರೇಕಿನ ಭಾಗಗಳು ಒಂದೊಂದಾಗಿ ಕಚ್ಚಿಕೊಳ್ಳುತ್ತವೆ.

ಕಚ್ಚಿಕೊಳ್ಳುವುದೇಕೆ? ಒಂದಿಷ್ಟು ಉಕ್ಕು ತುಕ್ಕಾದರೆ ಅದು ಮೊದಲಿಗಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ನಟ್ಟು ಮತ್ತು ಬೋಲ್ಟಿನ ಥ್ರೆಡ್ಡುಗಳ ನಡುವೆ ಇರುವುದೇ ಕೂದಲೆಳೆಯಷ್ಟು ಸಂದಿ. ಅದು ತುಂಬಿ, ಒಳಗಿನಿಂದಲೇ ಬಿಗಿಯುತ್ತದೆ. ಆಮೇಲೆ ಪಾನಕ್ಕೆ ಉದ್ದನೆಯ ಪೈಪು ತೂರಿಸಿ ಅದರ ಮೇಲೆ ಹತ್ತಿ ನಿಂತರೆ ತುಂಡಾಗುವುದು ತುಕ್ಕಲ್ಲ, ಬೋಲ್ಟು.

ಇಂಥಲ್ಲಿ ಬಿಡುವ ಎಣ್ಣೆ ತುಕ್ಕನ್ನು ಕರಗಿಸುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಸೀಮೆಎಣ್ಣೆಯಾಗಲಿ ಡೀಸೆಲ್ಲಾಗಲಿ ತುಕ್ಕನ್ನು ಕರಗಿಸವು. ಅವು ತುಕ್ಕಿನ ಸಣ್ಣ ಬಿರುಕು, ರಂಧ್ರಗಳೊಳಗೆ ನುಸುಳಿ, ಉಜ್ಜುವ ಮೈಗಳನ್ನು ನುಣುಪಾಗಿಸುತ್ತವೆ. ಬುಡ್ಡಿದೀಪದ ಬತ್ತಿಯಲ್ಲಿ ಸೀಮೆಎಣ್ಣೆ ತಾನೇ ಮೇಲೇರುವುದೂ ಇದೇ ಲೋಮನಾಳ ಕ್ರಿಯೆಯಿಂದ. ಸಂದಿಯೊಳಗೆ ದ್ರವ ಎಷ್ಟು ಬೇಗ ಸಾಗುತ್ತದೆ ಎಂಬುದು ಮುಖ್ಯವಾಗಿ ಅದು ಎಷ್ಟು ತೆಳು, ಲೋಹವನ್ನು ಎಷ್ಟು ಚೆನ್ನಾಗಿ ತೋಯಿಸುತ್ತದೆ ಎಂಬುದರ ಮೇಲೆ ನಿಂತಿದೆ. ಎಂಜಿನ್ ಆಯಿಲ್ ನಮ್ಮ ಹವೆಯಲ್ಲಿ ಸೀಮೆಎಣ್ಣೆಗಿಂತ ಸುಮಾರು ನೂರು ಪಟ್ಟು ಮಂದ. ಸೀಮೆಎಣ್ಣೆ ನಿಮಿಷದಲ್ಲಿ ಸಾಗುವ ದೂರಕ್ಕೆ ಅದು ಗಂಟೆಗಟ್ಟಲೆ ತೆಗೆದುಕೊಳ್ಳುತ್ತದೆ. ಹಳೆಯ ಎತ್ತಿನ ಗಾಡಿಯ ಕೀಲೆಣ್ಣೆಯೂ ಮಂದವೇ. ಅದರ ಕೆಲಸ ಅಚ್ಚಿನಲ್ಲಿ ನಿಲ್ಲುವುದು, ಒಳಗೆ ನುಗ್ಗುವುದಲ್ಲ.

ಹಾಗಾದರೆ ಬರೀ ಸೀಮೆಎಣ್ಣೆ ಸಾಲದೆ? ನುಗ್ಗುವುದರಲ್ಲಿ ಅದು ಗಟ್ಟಿಗ, ಆದರೆ ಆರಿಹೋಗುತ್ತದೆ, ನುಣುಪೂ ಕಡಿಮೆ. ಒಳ್ಳೆಯ ಎಣ್ಣೆಗೆ ಎರಡು ಗುಣ ಬೇಕು: ಒಳಗೆ ಕೊಂಡೊಯ್ಯುವ ತೆಳು ದ್ರಾವಕ, ಹೋದಮೇಲೆ ಅಲ್ಲೇ ಉಳಿಯುವ ಚೂರು ಎಣ್ಣೆ. ಡೀಸೆಲ್ಲಿನಲ್ಲಿ ಎರಡೂ ಸ್ವಲ್ಪ ಸ್ವಲ್ಪ ಇರುವುದರಿಂದಲೇ ಗ್ಯಾರೇಜಿನವರ ಕೈ ಮೊದಲು ಅದರ ಡಬ್ಬಿಗೆ ಹೋಗುತ್ತದೆ. ನನ್ನ ಮಟ್ಟಿಗೆ ಅದಕ್ಕಿಂತ ಮೇಲು, ಸೀಮೆಎಣ್ಣೆಗೆ ತುಸು ಗೇರ್ ಆಯಿಲ್ ಬೆರೆಸಿದ್ದು. ಎಲ್ಲರೂ ಬಲ್ಲ ಡಬ್ಲ್ಯೂಡಿ-40 ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ 1953ರಲ್ಲಿ ಹುಟ್ಟಿದ್ದು ಲೋಹದ ಮೇಲಿನ ನೀರನ್ನು ಹೊರದಬ್ಬಿ ತುಕ್ಕು ತಡೆಯಲು. ಸಾಧಾರಣ ಜಾಮ್‌ಗೆ ಅದು ಆಗುತ್ತದೆ. ಹಟ ಹಿಡಿದದ್ದಕ್ಕೆ ‘ಪೆನಿಟ್ರೇಟಿಂಗ್ ಆಯಿಲ್’ ಎಂದೇ ಬರೆದ ಡಬ್ಬಿ ಕೊಳ್ಳಬೇಕು. ಆಸಿಟೋನ್ ಮತ್ತು ಆಟೊ ಟ್ರಾನ್ಸ್‌ಮಿಶನ್ ಆಯಿಲ್ ಸಮಸಮ ಬೆರೆಸುವವರೂ ಇದ್ದಾರೆ. ಅವೆರಡು ನಿಂತಲ್ಲೇ ಬೇರೆಯಾಗುತ್ತವೆ, ಪ್ರತಿ ಸಲ ಕುಲುಕಬೇಕು. ಮೇಲಾಗಿ ಆಸಿಟೋನ್ ಆವಿ ಸೊನ್ನೆಗಿಂತ ಕೆಳಗಿನ ತಾಪದಲ್ಲೂ ಕಿಡಿ ತಾಕಿದರೆ ಹೊತ್ತುತ್ತದೆ. ಬಳ್ಳಾರಿ ಬೇಸಿಗೆಯಲ್ಲಿ ತಗಡಿನ ಶೆಡ್ಡಿನೊಳಗೆ ಆ ಪ್ರಯೋಗ ಬೇಡ. ಬ್ರೇಕ್ ಆಯಿಲ್ ಬಣ್ಣ ಕೀಳುತ್ತದೆ, ಗಾಳಿಯ ತೇವವನ್ನೂ ಹೀರುತ್ತದೆ. ಅಡುಗೆಮನೆಯ ಶೇಂಗಾ ಎಣ್ಣೆ ಕಾಲ ಕಳೆದಂತೆ ಗಾಳಿಗೆ ಅಂಟಾಗಿ, ನಟ್ಟನ್ನು ಇನ್ನಷ್ಟು ಹಿಡಿಯುತ್ತದೆ.

ಒಳಗೆ ಏನು ಕೂತಿದೆ ಎಂಬುದನ್ನೂ ನೋಡಬೇಕು. ಕಂಪ್ಲಿಯ ಭತ್ತದ ಗದ್ದೆಯಲ್ಲಿ ಇಳಿದ ಟ್ರ್ಯಾಕ್ಟರಿನ ಕೇಜ್‌ವೀಲ್ ಬೋಲ್ಟುಗಳು ಕೆಸರಿನ ಜೊತೆಗೆ ಗೊಬ್ಬರದ ಉಪ್ಪನ್ನೂ ಕುಡಿದಿರುತ್ತವೆ. ಪೊಟ್ಯಾಷ್ ಗೊಬ್ಬರದ ಕ್ಲೋರೈಡ್ ತುಕ್ಕನ್ನು ಬೆಳೆಸುತ್ತದೆ. ಮೊದಲು ಸಿಹಿನೀರಿನಲ್ಲಿ ತೊಳೆದು, ಒಣಗಿಸಿ, ಆಮೇಲೆ ಎಣ್ಣೆ. ಬೋರ್‌ವೆಲ್ ಪಂಪಿನ ಜೋಡಣೆಗೆ ಬಿಳಿ ಹಕ್ಕಳೆ ಕಟ್ಟಿದ್ದರೆ ಅದು ಸುಣ್ಣ. ಅಲ್ಲಿ ಯಾವ ಎಣ್ಣೆಯೂ ನಡೆಯದು, ವಿನೆಗರ್‌ನಂಥ ಸೌಮ್ಯ ಆಮ್ಲವೇ ಬೇಕು.

ಎಣ್ಣೆಗಿಂತ ದೊಡ್ಡ ಔಷಧ ಸಮಯ, ಅದರ ಬೆನ್ನಿಗೆ ಸುತ್ತಿಗೆ. ವೈರ್ ಬ್ರಶ್‌ನಿಂದ ಥ್ರೆಡ್ಡು ಉಜ್ಜಿ, ಎಣ್ಣೆ ಬಿಟ್ಟು, ನಟ್ಟಿನ ಮೈಗೆ ಸುತ್ತಲೂ ಸಣ್ಣ ಏಟು ಕೊಟ್ಟರೆ ತುಕ್ಕು ಬಿರುಕು ಬಿಟ್ಟು ಎಣ್ಣೆಗೆ ದಾರಿಯಾಗುತ್ತದೆ. ಸಂಜೆ ಒಮ್ಮೆ, ಬೆಳಿಗ್ಗೆ ಒಮ್ಮೆ ಬಿಟ್ಟರೆ ಲೇಸು. ಬಿಚ್ಚುವಾಗ ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ ಹಿಡಿತ ಮುರಿಯಬೇಕು. ನಂತರ ಕಾಲು ಸುತ್ತು ಬಿಚ್ಚು, ಅರ್ಧದಷ್ಟು ಹಿಂದಕ್ಕೆ, ಮತ್ತೆ ಒಂದು ಹನಿ ಎಣ್ಣೆ. ಒಂದೇ ದಮ್ಮಿಗೆ ತಿರುವಿದರೆ ಕಿತ್ತ ತುಕ್ಕಿನ ಪುಡಿ ಮುಂದಿನ ಥ್ರೆಡ್ಡಿಗೆ ಸಿಕ್ಕಿ ಮತ್ತೆ ಹಿಡಿಯುತ್ತದೆ.

ಅದಕ್ಕೂ ಬಗ್ಗದಿದ್ದರೆ ಕಾಯಿಸುವುದು. ಇಪ್ಪತ್ತು ಮಿಲಿಮೀಟರ್ ಬೋಲ್ಟಿನ ನಟ್ಟನ್ನು ಮಾತ್ರ 200 ಡಿಗ್ರಿಯಷ್ಟು ಬಿಸಿ ಮಾಡಿದರೆ ಅದರ ರಂಧ್ರ ಸುಮಾರು 0.05 ಮಿ.ಮೀ. ಹಿಗ್ಗುತ್ತದೆ, ತುಕ್ಕಿನ ಹಿಡಿತ ಬಿಡಿಸಲು ಅಷ್ಟೇ ಬೇಕಾಗಿರುತ್ತದೆ. ಎಣ್ಣೆ ಬಿಟ್ಟ ಮೇಲೆ ಬೆಂಕಿ ಹಿಡಿಯಬೇಡಿ, ಒರೆಸಿ ತೆಗೆದೇ ಕಾಯಿಸಿ. ಟಿಪ್ಪರ್‌ಗಳ ಊರಿನಲ್ಲಿ ಇದನ್ನು ಎರಡು ಸಲ ಹೇಳಿದರೂ ಹೆಚ್ಚಲ್ಲ: ಗಾಳಿ ತುಂಬಿದ ಟೈರು ಇರುವ ಚಕ್ರದ ನಟ್ಟಿಗೆ ಗ್ಯಾಸ್ ಕಟ್ಟರ್ ಹಿಡಿಯಲೇಬೇಡಿ. ಕಾವಿಗೆ ಒಳಗಿನ ರಬ್ಬರ್ ವಿಭಜನೆಗೊಂಡು ಹೊತ್ತುವ ಅನಿಲ ಬಿಡುತ್ತದೆ, ಟೈರು ಸಿಡಿಯುತ್ತದೆ, ಹತ್ತಿರದವರ ಜೀವ ಹೋಗುತ್ತದೆ. ಇಂಥ ಸಾವುಗಳು ಜಗತ್ತಿನ ಹಲವೆಡೆ ಆಗಿವೆ. ಗಾಳಿ ಪೂರ್ತಿ ಬಿಟ್ಟು, ಸಾಧ್ಯವಾದರೆ ಟೈರನ್ನೇ ಕಳಚಿ, ಆಮೇಲೆ ಯೋಚಿಸಿ.

ನಟ್ಟು ಬಿಚ್ಚಿದ ಮೇಲೆ ಥ್ರೆಡ್ಡು ಶುಚಿ ಮಾಡಿ, ತಾಮ್ರದ ಆಂಟಿ-ಸೀಜ್ ಪೇಸ್ಟ್ ತೆಳುವಾಗಿ ಹಚ್ಚಿ ಕೂಡಿಸಿದರೆ ಮುಂದಿನ ಸಲ ಇಷ್ಟು ಹೊಡೆದಾಟವಿಲ್ಲ. ಚಕ್ರದ ನಟ್ಟಿಗೆ ಮಾತ್ರ ಗಾಡಿ ತಯಾರಿಸಿದವರ ಪುಸ್ತಕದಲ್ಲಿ ಹಚ್ಚಿ ಎಂದಿದ್ದರಷ್ಟೇ ಹಚ್ಚಿ. ಜಾರುವ ಥ್ರೆಡ್ಡಿನಲ್ಲಿ ಅದೇ ಬಲಕ್ಕೆ ಸ್ಟಡ್ಡು ಹೆಚ್ಚು ಎಳೆದುಕೊಂಡು ತುಂಡಾಗಬಹುದು.