ಅವಳ ಕಿವಿಯಲ್ಲಿ ಯಾವ ಹಾಡು?

ನಿಮ್ಮ ಮನೆಯಲ್ಲೂ ವಯಸ್ಸಿಗೆ ಬಂದ ಮಗಳಿದ್ದಾಳಾ? ಊಟಕ್ಕೆ ಕರೆದರೂ ಕೇಳಿಸದ ಹಾಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂರ್ತಾಳಾ? ‘ಅದೇನು ಹಾಡೋ, ಬೈಗುಳವೋ’ ಅಂತ ನೀವೂ ಗೊಣಗಿದ್ದೀರಾ? ಹಾಗಾದ್ರೆ ನಮ್ಮ ಮನೆ ಕಥೆ ಸ್ವಲ್ಪ ಕೇಳಿ.

ನನ್ನ ತವರು ಅರಕಲಗೂಡು ತಾಲ್ಲೂಕಿನ ರಾಮನಾಥಪುರ. ಅಕ್ಕನನ್ನು ಕೊಟ್ಟಿರೋದೂ ಅಲ್ಲೇ. ಎರಡು ವರ್ಷದ ಹಿಂದೆ ಅಕ್ಕನ ಮಗಳಿಗೆ ಸಂಬಂಧ ಕುದುರಿ ನಿಶ್ಚಿತಾರ್ಥವೂ ಆಗಿತ್ತು. ಮೂರು ತಿಂಗಳು ರಾತ್ರಿಯೆಲ್ಲಾ ಫೋನಿನಲ್ಲಿ ಮಾತು, ನಗು. ಲಗ್ನಪತ್ರಿಕೆ ಅಚ್ಚಿಗೆ ಕೊಡೋ ಹೊತ್ತಿಗೆ ಹುಡುಗನ ಕಡೆಯವರು ಬಂದು, “ಈ ಸಲ ಹೊಗೆಸೊಪ್ಪಿಗೆ ಒಳ್ಳೆ ರೇಟು ಸಿಕ್ಕಿದೆಯಂತಲ್ಲ, ಒಂದು ಕಾರು ಕೊಡಿಸಿಬಿಡಿ” ಅಂದರು. ಭಾವ ಒಪ್ಪಲಿಲ್ಲ. ಆ ಹುಡುಗ? “ಅಪ್ಪ ಅಮ್ಮ ಹೇಳಿದ ಹಾಗೆ” ಅಂದು ಫೋನ್ ಇಟ್ಟವನು ಮತ್ತೆ ಮಾಡಲಿಲ್ಲ. ವರದಕ್ಷಿಣೆ ನಿಷೇಧ ಕಾಯ್ದೆ ಬಂದದ್ದು 1961ರಲ್ಲಿ. ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಿದೆಯೋ ಏನೋ!

ಅವತ್ತಿನಿಂದ ಹುಡುಗಿ ಮಂಕಾದಳು. ಮದುವೆ ಮಾತೆತ್ತಿದರೆ, “ಪ್ರೀತಿ ಅನ್ನೋದೆಲ್ಲ ಸಿನಿಮಾದವರ ಬಿಸಿನೆಸ್ಸು ಚಿಕ್ಕಮ್ಮ” ಅಂತಿದ್ದಳು. ಸದಾ ಕಿವಿಯಲ್ಲಿ ಅದೇ ಹಾಡು. ಷಷ್ಠಿ ಜಾತ್ರೆಗೆಂದು ಹೋದಾಗ ಅಕ್ಕ ಅಳುತ್ತಾ, “ಅದ್ಯಾವುದೋ ರ‍್ಯಾಪಂತೆ, ಅದನ್ನ ಕೇಳೀ ಕೇಳೀನೇ ಕೆಟ್ಟಳು” ಅಂದಳು.

ಅವತ್ತು ರಾತ್ರಿ ಅವಳ ಪಕ್ಕ ಕೂತು, “ನಂಗೂ ಒಂದು ಕಿವಿಗೆ ಕೊಡೇ” ಅಂದೆ. ವಿಚಿತ್ರವಾಗಿ ನೋಡಿದಳು, ಆಮೇಲೆ ಕೊಟ್ಟಳು.

ಸತ್ಯ ಹೇಳ್ತೀನಿ, ರ‍್ಯಾಪ್ ಅಂದ್ರೆ ಕುಡಿತ, ಕಾರು, ಹುಡುಗಿಯರನ್ನು ಕೀಳಾಗಿ ಆಡಿಕೊಳ್ಳೋದು ಅಷ್ಟೇ ಅಂದುಕೊಂಡಿದ್ದೆ. ಅಂಥವೂ ಬೇಕಾದಷ್ಟಿವೆ. ಆದರೆ ಇದು ಶುರುವಾದ ಬಗೆ ಕೇಳಿ. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಸಿಂಡಿ ಕ್ಯಾಂಪ್‌ಬೆಲ್ ಅನ್ನೋ ಹುಡುಗಿ, ಶಾಲೆ ಶುರುವಾಗೋ ಮುಂಚೆ ಹೊಸ ಬಟ್ಟೆಗೆ ದುಡ್ಡು ಹೊಂದಿಸೋಕೆ ತಮ್ಮ ಅಪಾರ್ಟ್‌ಮೆಂಟಿನಲ್ಲೇ ಒಂದು ಪಾರ್ಟಿ ಇಟ್ಟಳು. ಹುಡುಗಿಯರಿಗೆ 25 ಸೆಂಟು, ಹುಡುಗರಿಗೆ 50. ಹಾಡು ಹಾಕಿದವನು ಅವಳಣ್ಣ ಕೂಲ್ ಹರ್ಕ್. ಹಿಪ್-ಹಾಪ್ ಹುಟ್ಟಿದ್ದು ಅಲ್ಲಿ ಅಂತಾರೆ. ಬಟ್ಟೆಗೆ ಕಾಸು ಕೂಡಿಸೋ ಜಾಣತನ ನಮಗೇನು ಹೊಸದಾ? ಲಯಕ್ಕೆ ಮಾತು ಪೋಣಿಸಿ ಎದುರಿನವರನ್ನು ಜಾಡಿಸೋದೂ ಹೊಸದಲ್ಲ. ಮದುವೆ ಮನೆಯಲ್ಲಿ ಬೀಗರನ್ನು ಜರಿಯೋ ಹಾಡು ನಮ್ಮಜ್ಜಿ ನಿಂತಲ್ಲೇ ಕಟ್ಟುತ್ತಿದ್ದರು!

ಅವಳು ಮೊದಲು ಕೇಳಿಸಿದ್ದು ಲಾರಿನ್ ಹಿಲ್ ಅನ್ನೋ ಗಾಯಕಿಯ 1998ರ ಆಲ್ಬಂ. ಶುರುವಿನಲ್ಲೇ ಶಾಲೆ ಗಂಟೆ, ಮೇಷ್ಟ್ರು ಹಾಜರಿ ಕರೀತಾರೆ. ಲಾರಿನ್ ಹೆಸರು ಬಂದಾಗ ಉತ್ತರವೇ ಇಲ್ಲ. ಆಮೇಲೆ ಹಾಡು ಹಾಡಿನ ನಡುವೆ ಮೇಷ್ಟ್ರು ಮಕ್ಕಳನ್ನು ಪ್ರೀತಿ ಅಂದ್ರೇನು ಅಂತ ಕೇಳ್ತಾರೆ, ಮಕ್ಕಳು ತಡವರಿಸಿ, ನಕ್ಕು, ವಾದ ಮಾಡಿ ಉತ್ತರ ಹೇಳ್ತಾರೆ. ಆ ಮೇಷ್ಟ್ರ ದನಿ ರಾಸ್ ಬರಾಕ ಅವರದ್ದು. ಅವರು 2014ರಲ್ಲಿ ನ್ಯೂಆರ್ಕ್ ನಗರದ ಮೇಯರ್ ಆದರು. ಬಸುರಾದಾಗ ‘ಮಗು ಬೇಡ, ಕೆರಿಯರ್ ನೋಡಿಕೋ’ ಅಂದವರ ಮಾತು ಮೀರಿ ಮಗನನ್ನು ಪಡೆದದ್ದನ್ನೂ ಲಾರಿನ್ ಅದರಲ್ಲಿ ಹಾಡಿದ್ದಾಳೆ. 1999ರಲ್ಲಿ ಅವಳಿಗೆ ಒಟ್ಟಿಗೆ ಐದು ಗ್ರ್ಯಾಮಿ ಬಂತು.

ಆಮೇಲೆ ಕ್ವೀನ್ ಲತೀಫಾ. 1993ರಲ್ಲೇ ಹೆಂಗಸರನ್ನು ಕೆಟ್ಟ ಹೆಸರಿನಿಂದ ಕರೆಯೋರನ್ನು, ಹೊಡೆಯೋರನ್ನು ತರಾಟೆಗೆ ತಗೊಂಡವಳು. ನಮ್ಮ ಪಕ್ಕದ ತಮಿಳಿನ ಅರಿವು 2021ರಲ್ಲಿ ‘ಎಂಜಾಯ್ ಎಂಜಾಮಿ’ ಬರೆದದ್ದು ಶ್ರೀಲಂಕಾದ ಟೀ ತೋಟದಲ್ಲಿ ದುಡಿದ ತನ್ನ ಅಜ್ಜಿ ವಳ್ಳಿಯಮ್ಮಾಳ್ ನೆನಪಿನಲ್ಲಿ. ವೀಡಿಯೊದಲ್ಲಿ ಆ ಅಜ್ಜಿಯೂ ಇದ್ದಾರೆ. ಅವರನ್ನು ನೋಡಿ ನನ್ನ ಕಣ್ಣು ತುಂಬಿತು.

“ಇದರಲ್ಲಿ ನಿನಗೇನು ಸಿಕ್ಕಿತೇ?” ಅಂದೆ.

“ಇವರು ಸುಳ್ಳು ಹೇಳಲ್ಲ ಚಿಕ್ಕಮ್ಮ. ಬಡತನ, ಜಾತಿ, ಏಟು ತಿಂದದ್ದು ಎಲ್ಲಾ ಹೇಳ್ತಾರೆ. ಹೇಳಿ ಆದ್ಮೇಲೂ ಪ್ರೀತಿ ಬೇಕು ಅಂತಾರೆ. ಅದಕ್ಕೇ ನಂಬಬಹುದೇನೋ ಅನ್ಸುತ್ತೆ.”

ನಾವು ಆರು ತಿಂಗಳಿಂದ ‘ಎಲ್ಲಾ ಸರಿಹೋಗುತ್ತೆ’ ಅಂತ ಹೇಳ್ತಾ ಇದ್ವಿ. ಆದದ್ದು ಅನ್ಯಾಯ ಅಂತ ಒಬ್ಬರೂ ಅವಳೆದುರು ಬಾಯಿಬಿಟ್ಟು ಹೇಳಿರಲಿಲ್ಲ. ಆ ಕೆಲಸವನ್ನು ಯಾವುದೋ ದೇಶದ ಹಾಡು ಮಾಡಿತ್ತು!

ಹಾಗಾಗಿ ನಿಮಗೆ ಒಂದು ಮಾತು. ಮಗಳ ಫೋನ್ ಕಿತ್ತುಕೊಳ್ಳೋ ಮುಂಚೆ ಒಂದು ಕಿವಿ ಕೇಳಿ ತಗೊಳ್ಳಿ. ಅರ್ಥವಾಗದಿದ್ದರೆ ಅವಳನ್ನೇ ಕೇಳಿ, ಬಿಡಿಸಿ ಹೇಳುವಾಗ ತನ್ನ ಮನಸ್ಸನ್ನೂ ಹೇಳಿಬಿಡ್ತಾಳೆ. ಅಸಹ್ಯದ ಹಾಡಾದರೆ ಯಾಕೆ ಅಸಹ್ಯ ಅಂತ ಸ್ನೇಹಿತೆ ಥರ ಮಾತಾಡಿ. ಇಂಗ್ಲಿಷ್ ಕಷ್ಟ ಅನ್ನೋರಿಗೆ ಕನ್ನಡದಲ್ಲೇ ಆಲ್ ಓಕೆ, ರಾಹುಲ್ ಡಿಟ್-ಓ ಇದ್ದಾರೆ. ಆದರೆ ಹುಡುಗಿ ಊಟ, ನಿದ್ದೆ ಬಿಟ್ಟು ವಾರಗಟ್ಟಲೆ ಒಂಟಿಯಾಗಿ ಕೂತರೆ ಹಾಡನ್ನೇ ನಂಬಿ ಕೂರಬೇಡಿ, ಡಾಕ್ಟರ ಹತ್ತಿರ ಕರಕೊಂಡು ಹೋಗಿ.

ನಮ್ಮ ಹುಡುಗಿ ಈಗ ಹಾಸನದಲ್ಲಿ ಕೆಲಸ ಮಾಡ್ತಿದ್ದಾಳೆ. ಮದುವೆ ಇನ್ನೂ ಆಗಿಲ್ಲ. ಹೋದ ತಿಂಗಳು ಊರಿಗೆ ಬಂದಾಗ ಹೊಳೆ ದಂಡೆಯಲ್ಲಿ ಕೂತು, ತಾನೇ ಬರೆದ ಎಂಟು ಸಾಲು ನಮ್ಮಿಬ್ಬರಿಗೂ ಓದಿದಳು. ಕಾರು ಕೇಳಿದವರಿಗೆ ಚೆನ್ನಾಗಿಯೇ ಬಿಸಿ ಮುಟ್ಟಿಸಿದ್ದಳು. ಅಕ್ಕ ಮೀನಿಗೆ ಪುರಿ ಹಾಕೋದನ್ನೂ ಮರೆತು ಕೇಳಿದಳು. ಆಮೇಲೆ ಮೆಲ್ಲಗೆ, “ಒಂದು ಕಡೆಯಿಂದ ಕೇಳ್ತಾ ಇದ್ದಾರೆ ಕಣೇ, ಬಂದು ನೋಡಿಕೊಂಡು ಹೋಗಲಾ?” ಅಂದಳು.

“ಬರಲಿ ಬಿಡಮ್ಮ. ಆದ್ರೆ ಯಾವ ಹಾಡು ಕೇಳ್ತೀರಿ ಅಂತ ಮೊದಲು ನಾನೇ ಕೇಳ್ತೀನಿ.”