ವಿದ್ಯುತ್ ಲಾರಿಗಳೂ ಸರ್ಕಾರದ ಸಹಾಯವೂ

ಫಸಲು ಎಷ್ಟೇ ಹುಲುಸಾಗಿ ಬಂದರೂ, ಅದನ್ನು ಸಕಾಲದಲ್ಲಿ ಕಾರ್ಖಾನೆಗಾಗಲಿ ಪೇಟೆಗಾಗಲಿ ಸಾಗಿಸದಿದ್ದರೆ ಬೇಸಾಯಗಾರನ ಶ್ರಮವು ನಿಷ್ಫಲವಾಗುವುದೆಂಬುದು ವಾಚಕರಿಗೆ ತಿಳಿದ ವಿಷಯವೇ ಆಗಿದೆ. ಈ ಸಾಗಾಣಿಕೆಯ ಹೊರೆಯನ್ನು ನಮ್ಮ ದೇಶದಲ್ಲಿ ಬಹುಮಟ್ಟಿಗೆ ಡೀಸೆಲ್ ಲಾರಿಗಳೇ ಹೊತ್ತಿರುತ್ತವೆ. ಒಟ್ಟು ವಾಹನಗಳಲ್ಲಿ ಇವು ನೂರಕ್ಕೆ 3 ರಷ್ಟು ಮಾತ್ರವಿದ್ದರೂ, ಸಾರಿಗೆಯಿಂದ ಹೊರಬೀಳುವ ಹಸಿರುಮನೆ ಅನಿಲಗಳಲ್ಲಿ ನೂರಕ್ಕೆ 42 ರಷ್ಟು ಇವುಗಳಿಂದಲೇ ಉಂಟಾಗುವುದೆಂದು ಕೇಂದ್ರ ಸರ್ಕಾರದವರು ತಿಳಿಸಿರುತ್ತಾರೆ. ಆದಕಾರಣ ಬ್ಯಾಟರಿಯಿಂದ ಓಡುವ ಭಾರಿ ಲಾರಿಗಳಿಗೆ ಧನಸಹಾಯ ಮಾಡುವ ಏರ್ಪಾಡಾಗಿದೆ. ಸ್ವಂತ ಲಾರಿಯುಳ್ಳ ಜಮೀನುದಾರರು ಇದರ ಷರತ್ತುಗಳನ್ನು ಅರಿತ ಮೇಲೆಯೇ ಸಾಲಕ್ಕೆ ಕೈಹಾಕತಕ್ಕದ್ದು.

ಪಿ.ಎಂ. ಇ-ಡ್ರೈವ್ ಎಂಬ 10,900 ಕೋಟಿ ರೂಪಾಯಿಗಳ ಯೋಜನೆಯು 2024ನೆಯ ಇಸವಿ ಅಕ್ಟೋಬರಿನಲ್ಲಿ ಜಾರಿಗೆ ಬಂದಿತು. ಅದರಲ್ಲಿ 500 ಕೋಟಿ ರೂಪಾಯಿಗಳನ್ನು ವಿದ್ಯುತ್ ಲಾರಿಗಳಿಗಾಗಿ ಮೀಸಲಿಡಲಾಗಿದೆ. ಇದರ ನಿಯಮಗಳನ್ನು ಕೇಂದ್ರದ ಭಾರಿ ಕೈಗಾರಿಕೆಗಳ ಸಚಿವರಾದ ಶ್ರೀ ಎಚ್. ಡಿ. ಕುಮಾರಸ್ವಾಮಿಯವರು 2025ರ ಜುಲೈ ತಿಂಗಳಲ್ಲಿ ಪ್ರಕಟಿಸಿದರು. ಸರಕೂ ಸೇರಿ 3.5 ಟನ್ನಿಗೆ ಮೇಲ್ಪಟ್ಟು 55 ಟನ್ನಿನವರೆಗೆ ತೂಗುವ ಲಾರಿಗಳು ಇದಕ್ಕೆ ಅರ್ಹವಾಗಿವೆ. ತೂಕಕ್ಕನುಗುಣವಾಗಿ ಒಂದೊಂದು ಲಾರಿಗೆ ಗರಿಷ್ಠ 9.6 ಲಕ್ಷ ರೂಪಾಯಿಗಳವರೆಗೆ ಸಹಾಯ ದೊರೆಯುವುದು. ಸುಮಾರು 5,600 ಲಾರಿಗಳಿಗೆ ಮಾತ್ರ ಈ ಹಣವು ಸಾಲುವುದು; ಮೊದಲು ಬಂದವರಿಗೆ ಮೊದಲ ಪ್ರಾಶಸ್ತ್ಯ. ಅವಧಿಯನ್ನು 2028ರ ಮಾರ್ಚ್ 31ರವರೆಗೆ ವಿಸ್ತರಿಸಿದ್ದರೂ, ಹಣವು ಮುಗಿದಲ್ಲಿ ಸಹಾಯವೂ ಮುಗಿಯುವುದು.

ಷರತ್ತುಗಳಲ್ಲಿ ಮುಖ್ಯವಾದುದು, ಹಳೆಯ ಡೀಸೆಲ್ ಲಾರಿಯನ್ನು ಗುಜರಿಗೆ ಹಾಕುವುದು. ಅಧಿಕೃತ ಗುಜರಿ ಕೇಂದ್ರದವರು ಕೊಡುವ ಪ್ರಮಾಣಪತ್ರವಿಲ್ಲದೆ ಸಹಾಯ ದೊರೆಯಲಾರದು. ಹಣವು ಕೊಳ್ಳುವವನ ಕೈಗೆ ಬರುವುದಿಲ್ಲ. ಲಾರಿಯ ಬೆಲೆಯಲ್ಲಿಯೇ ಅಷ್ಟು ಕಡಮೆ ಮಾಡಿ ಮಾರುವ ತಯಾರಕರಿಗೆ ಸರ್ಕಾರದವರು ಅದನ್ನು ತುಂಬಿಕೊಡುತ್ತಾರೆ. ಆದುದರಿಂದ "ಸಹಾಯಧನ ಕೊಡಿಸುತ್ತೇವೆ" ಎಂದು ಊರಿಗೆ ಬಂದು ಮುಂಗಡ ಕೇಳುವ ದಲ್ಲಾಳಿಗಳಿಗೆ ಒಂದು ಕಾಸನ್ನೂ ಕೊಡದಂತೆ ಗ್ರಾಮಮುಖ್ಯರು ಜನರನ್ನು ಎಚ್ಚರಿಸಬೇಕು. ನಿಯಮಗಳಲ್ಲಿ ಬರುವ ಟ್ರಾಕ್ಟರ್ ಎಂಬ ಮಾತು ಸರಕಿನ ಟ್ರೇಲರನ್ನು ಎಳೆಯುವ ಲಾರಿಯ ಮುಂಭಾಗಕ್ಕೆ ಸಂಬಂಧಿಸಿದುದೇ ಹೊರತು ಉಳುಮೆಯ ಟ್ರಾಕ್ಟರಿಗಲ್ಲ. ಬ್ಯಾಟರಿಗೆ 5 ವರ್ಷ ಅಥವಾ 5 ಲಕ್ಷ ಕಿಲೋಮೀಟರು, ಇವುಗಳಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ ತಯಾರಕರು ಹೊಣೆಯಾಗಿರಬೇಕು. ಈ ಹೊಣೆಪತ್ರವನ್ನು ಕೇಳಿ ಪಡೆಯತಕ್ಕದ್ದು.

ಇದಲ್ಲದೆ ಬೇರೆ ರಿಯಾಯಿತಿಗಳೂ ಉಂಟು. ವಿದ್ಯುತ್ ವಾಹನಗಳ ಮೇಲಿನ ಜಿ.ಎಸ್.ಟಿ.ಯನ್ನು 2019ರ ಆಗಸ್ಟಿನಲ್ಲಿ ನೂರಕ್ಕೆ 12 ರಿಂದ 5ಕ್ಕೆ ಇಳಿಸಲಾಯಿತು. ಬಾಡಿಗೆಗೆ ಓಡಿಸಲು ಪರ್ಮಿಟ್ ಬೇಕಾಗಿಲ್ಲವೆಂದು 2018ರಲ್ಲಿಯೂ, ನೋಂದಣಿ ಶುಲ್ಕವಿಲ್ಲವೆಂದು 2021ರಲ್ಲಿಯೂ ಕೇಂದ್ರದ ಸಾರಿಗೆ ಇಲಾಖೆಯವರು ಆಜ್ಞೆ ಹೊರಡಿಸಿದರು.

ಇನ್ನು ವಿದ್ಯುಚ್ಛಕ್ತಿಯ ವಿಚಾರ. ಪೂರ್ಣ ಭಾರದ ದೊಡ್ಡ ಲಾರಿಗೆ ಕಿಲೋಮೀಟರಿಗೆ ಸುಮಾರು 1 ರಿಂದ 1.5 ಯೂನಿಟ್ ವ್ಯಯವಾಗುವುದು. ದಿನಕ್ಕೆ 200 ಕಿಲೋಮೀಟರು ಓಡಿದರೆ 200 ರಿಂದ 300 ಯೂನಿಟ್ ಬೇಕಾಯಿತು. ಹೊಲಗಳ ಬಳಿಯಿರುವ 25 ಕೆ.ವಿ.ಎ. ಪರಿವರ್ತಕದಲ್ಲಿ ಒಂದು ಪಂಪನ್ನೂ ನಡೆಸದೆ ಶಕ್ತಿಯನ್ನೆಲ್ಲಾ ಲಾರಿಗೇ ಕೊಟ್ಟರೂ 8 ರಿಂದ 12 ಗಂಟೆಗಳ ಕಾಲ ಹಿಡಿಯುವುದು. ನೀರಾವರಿ ಪಂಪ್‌ಸೆಟ್ಟುಗಳಿಗೆ ಕೊಡುವ ಉಚಿತ ವಿದ್ಯುತ್ತನ್ನು ಲಾರಿಗೆ ಬಳಸುವುದು ಸಲ್ಲದು. ಅದರಿಂದ ನೆರೆಯವನ ಬೆಳೆಯೂ ಒಣಗೀತು. ಪ್ರತ್ಯೇಕ ಸಂಪರ್ಕವನ್ನೂ ಸಾಕಷ್ಟು ದೊಡ್ಡ ಪರಿವರ್ತಕವನ್ನೂ ವಿದ್ಯುತ್ ಕಂಪೆನಿಯವರಿಂದ ಮೊದಲೇ ಪಡೆಯಬೇಕು.

ಆದ್ದರಿಂದ ನಿತ್ಯವೂ ಒಂದೇ ದಾರಿಯಲ್ಲಿ ಹೋಗಿಬಂದು ರಾತ್ರಿ ಒಂದೇ ಸ್ಥಳದಲ್ಲಿ ತಂಗುವ ಲಾರಿಗೆ ಈ ಮಾರ್ಪಾಡು ಹೊಂದುವುದು. ವರ್ಷದಲ್ಲಿ ಕಟಾವಿನ ಕೆಲವು ತಿಂಗಳು ಮಾತ್ರ ಓಡಿ ಉಳಿದ ಕಾಲ ನಿಂತಿರುವ ಲಾರಿಗೆ, ಸಹಾಯ ದೊರೆತರೂ ಸಾಲದ ಕಂತು ತಪ್ಪದು. ಅಂತಹವರು ನಾಲ್ಕಾರು ಮಂದಿ ಸೇರಿ, ಇಲ್ಲವೆ ಸಹಕಾರ ಸಂಘದ ಮೂಲಕ ಒಂದೇ ಲಾರಿಯನ್ನು ವರ್ಷವಿಡೀ ದುಡಿಸುವ ಬಗೆಯನ್ನು ಆಲೋಚಿಸುವುದು ಮೇಲು. ಹಳೆಯ ಲಾರಿಯನ್ನು ಗುಜರಿಗೆ ಹಾಕಿದ ಮೇಲೆ ಮರಳಿ ಪಡೆಯಲಾಗದು. ಆದುದರಿಂದ ದಾರಿಯ ದೂರ, ವಿದ್ಯುತ್ತಿನ ಅನುಕೂಲ, ಸಾಲದ ಕಂತು, ಈ ಮೂರರ ಲೆಕ್ಕವನ್ನು ಬರೆದು ನೋಡಿ, ಅನಂತರ ಮುಂದುವರಿಯಬೇಕಾಗಿ ಕೋರುತ್ತೇವೆ.